ಹುಲಿ, ಆನೆ ಓಡಾಡುವ ಕಾಡಿನಂಚಿನಲ್ಲಿ ಕಾಣೆಯಾದವರನ್ನು ಹುಡುಕುವ ಬಗೆ

"ಕತ್ತಲಾಯ್ತು, ಇನ್ನೂ ಬಂದಿಲ್ಲ" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಟಾರ್ಚು, ಕತ್ತಿ ಹಿಡಿದು ಕೂಗುತ್ತಾ ಕಾಡಿಗೆ ನುಗ್ಗುವುದು ಎಲ್ಲ ಕಡೆಯೂ ನಡೆಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಅವರನ್ನು ಕೊನೆಗೆ ಯಾರು ಎಲ್ಲಿ ಕಂಡರೋ ಆ ಜಾಗವನ್ನು ಮೊದಲು ಕಾಯಿರಿ. ಇಬ್ಬರನ್ನು ಅಲ್ಲಿ ನಿಲ್ಲಿಸಿ, ಸುತ್ತಮುತ್ತ ಯಾರೂ ಕಾಲಿಡದಂತೆ ನೋಡಿಕೊಳ್ಳಲು ಹೇಳಿ. ಊರಿನ ಜನವೆಲ್ಲ ತುಳಿದ ಮೇಲೆ ಆ ನೆಲದಲ್ಲಿ ಓದಲು ಏನೂ ಉಳಿದಿರುವುದಿಲ್ಲ, ಪೊಲೀಸ್ ನಾಯಿಯ ಕೆಲಸವೂ ಕಷ್ಟವಾಗುತ್ತದೆ.

ನಾನು ದಕ್ಷಿಣ ಕೊಡಗಿನ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವನು. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬ್ರಹ್ಮಗಿರಿ ಬೆಟ್ಟ. 2022ರ ಎಣಿಕೆಯಲ್ಲಿ ನಾಗರಹೊಳೆಯಲ್ಲೇ 141 ಹುಲಿ ಸಿಕ್ಕಿವೆ. ಆನೆಗಳಂತೂ ನಮ್ಮ ತೋಟದೊಳಗೇ ದಿನ ಕಳೆಯುತ್ತವೆ. ತೋಟದ ಕೆಲಸಗಾರರು ಸಾಲಾಗಿ ವಾಸಿಸುವ ಲೈನ್ ಮನೆಯ ಮಕ್ಕಳು, ಅಣಬೆಗೆ ಹೋದ ಹೆಂಗಸರು, ದಾರಿ ತಪ್ಪಿದ ಚಾರಣಿಗರು, ಮರೆವಿನ ಕಾಯಿಲೆಯ ಹಿರಿಯರು ಹೀಗೆ ಯಾರು ಕಾಣೆಯಾದರೂ ಹುಡುಕುವ ತಂಡದ ಜೊತೆ ಹೋಗುತ್ತಾ ಬಂದಿದ್ದೇನೆ. ಕಾಡು ಓದುವುದನ್ನು ನನಗೆ ಕಲಿಸಿದವರು ಪಕ್ಕದ ಹಾಡಿಯ ಜೇನುಕುರುಬರ ಹಿರಿಯರೊಬ್ಬರು. ನಾನು ಅಜ್ಜ ಎನ್ನುತ್ತೇನೆ, ಅವರು ನನ್ನನ್ನು ರೈಟ್ರೇ ಎನ್ನುತ್ತಾರೆ. ಇಷ್ಟು ವರ್ಷ ಕಂಡದ್ದರಲ್ಲಿ ನನಗೆ ಖಚಿತವಾದ ಸಂಗತಿ ಒಂದಿದೆ. ಕಾಣೆಯಾದವರ ಜೀವಕ್ಕೆ ಹುಲಿಗಿಂತ ಮೊದಲು ಎರವಾಗುವುದು ನೀರು, ಬಂಡೆ, ಚಳಿ. ಆದರೆ ಹುಡುಕುವವರ ತಲೆಯಲ್ಲಿ ಹುಲಿಯೇ ಕೂತಿರುತ್ತದೆ. ಆ ಹೆದರಿಕೆಯಲ್ಲಿ ಪಟಾಕಿ ಹೊಡೆಯುತ್ತಾರೆ, ಗುಂಪು ಕಟ್ಟುತ್ತಾರೆ, ಮನೆ ಹಿಂದಿನ ಕೆರೆಯನ್ನು ನೋಡದೆ ದೂರದ ಕಾಡಿಗೆ ಓಡುತ್ತಾರೆ. ಪ್ರಾಣಿಗಳ ನಡುವೆ ಜಾಗ್ರತೆಯಾಗಿ ಹುಡುಕಲು ಕಲಿತರೆ ಆ ಹೆದರಿಕೆಗೆ ಬಲಿಯಾಗುವ ಹೊತ್ತು ಉಳಿಯುತ್ತದೆ.

ಮೊದಲ ಫೋನು, ಮೊದಲ ಪ್ರಶ್ನೆಗಳು

112ಕ್ಕೆ ಕರೆ ಮಾಡಿ. ಜೊತೆಗೇ ಅರಣ್ಯ ಇಲಾಖೆಯ 1926ಕ್ಕೂ, ನಿಮ್ಮ ವಲಯದ ಕಚೇರಿಗೂ ತಿಳಿಸಿ. ಅರಣ್ಯದವರನ್ನು ಕೊನೆಗೆ ನೆನಪಿಸಿಕೊಳ್ಳುವ ಅಭ್ಯಾಸ ಬಿಡಬೇಕು. ಇವತ್ತು ಆನೆ ಹಿಂಡು ಯಾವ ಕಡೆ ಇದೆ, ಈ ವಾರ ಹುಲಿ ಎಲ್ಲಿ ದನ ಹಿಡಿದಿದೆ ಎಂಬುದು ಗೊತ್ತಿರುವುದು ಅವರ ವಾಚರುಗಳಿಗೆ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು. ಅವರು ಜೊತೆಗಿದ್ದರೆ ಆ ತೊಡಕೂ ಇಲ್ಲ.

"ಇಪ್ಪತ್ತನಾಲ್ಕು ಗಂಟೆ ಕಾಯಿರಿ, ಆಮೇಲೆ ದೂರು ಕೊಡಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಂಥ ನಿಯಮವಿಲ್ಲ. ಮಕ್ಕಳು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ಮನೆಯವರನ್ನು ಒಂದು ಕಡೆ ಕೂರಿಸಿ, ಒಬ್ಬರೇ ಸಾವಧಾನವಾಗಿ ಕೇಳಬೇಕು. ಹತ್ತು ಜನ ಸುತ್ತ ನಿಂತು ಕೇಳಿದರೆ ತಾಯಿಯ ಬಾಯಿಂದ ಮಾತೇ ಹೊರಡುವುದಿಲ್ಲ. ಯಾವ ಬಣ್ಣದ ಬಟ್ಟೆ, ಕಾಲಲ್ಲಿ ಏನಿತ್ತು, ಯಾವ ಔಷಧಿ ತಪ್ಪಿದರೆ ತೊಂದರೆ, ಫೋನಿನಲ್ಲಿ ಚಾರ್ಜ್ ಎಷ್ಟಿತ್ತು, ಮನೆಯಲ್ಲಿ ಜಗಳವಾಗಿತ್ತೇ, ಕುಡಿದಿದ್ದರೇ ಎಂದೆಲ್ಲ ವಿಚಾರಿಸಿ. ಅಂಗಳದ ಕೆಸರಿನಲ್ಲಿ ಅವರ ಚಪ್ಪಲಿಯ ಅಚ್ಚು ಇದ್ದೇ ಇರುತ್ತದೆ. ಅದರ ಪಕ್ಕ ಅಳತೆಗೆ ಒಂದು ಬೆಂಕಿಪೊಟ್ಟಣ ಇಟ್ಟು ಫೋಟೊ ತೆಗೆದು ಎಲ್ಲ ತಂಡಗಳಿಗೂ ಕಳಿಸಿ. ಮುಂದೆ ಕಾಡಿನಲ್ಲಿ ಕಂಡ ಹೆಜ್ಜೆ ಇವರದ್ದೇ ಹೌದೋ ಅಲ್ಲವೋ ಎಂದು ವಾದ ಮಾಡುವ ಪ್ರಮೇಯ ಬರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ದಾರಿ ತೋರಿಸುವುದು ಅವರು ಹೋದ ಉದ್ದೇಶ. ಮುಂಗಾರಿನಲ್ಲಾದರೆ ಕಣಿಲೆ (ಎಳೆ ಬಿದಿರು), ಅಣಬೆ, ಏಡಿ. ಕಣಿಲೆಗೆ ಹೋದವರು ಬಿದಿರು ಮೆಳೆಯಲ್ಲಿರುತ್ತಾರೆ, ಅಲ್ಲಿ ಆನೆಯೂ ಇರುತ್ತದೆ. ಏಡಿ ಹಿಡಿಯಲು ಹೋದ ಹುಡುಗರು ತೋಡನ್ನೇ (ಸಣ್ಣ ಹಳ್ಳವನ್ನೇ) ಹಿಡಿದು ಮೇಲೆ ಮೇಲೆ ಹೋಗಿರುತ್ತಾರೆ. ಬೇಸಿಗೆಯಲ್ಲಿ ಜೇನು, ಸೌದೆ. ದನ ಹುಡುಕಿಕೊಂಡು ಹೋದವರು ಹಸಿರಿರುವ ಹಡ್ಲಿನ, ಅಂದರೆ ಜೌಗು ಹುಲ್ಲುಬಯಲಿನ ಕಡೆಗೆ. ಎಲ್ಲಿಗೆ ಹೋಗಿರಬಹುದು ಎಂದು ಕೇಳಿದರೆ ಮನೆಯವರಿಗೆ ಗೊತ್ತಿರುವುದಿಲ್ಲ. ಹೋಗುವಾಗ ಕೈಯಲ್ಲಿ ಏನಿತ್ತು ಎಂದು ಕೇಳಿ. ಚೀಲವೋ, ಕತ್ತಿಯೋ, ಹಗ್ಗವೋ ಎಂದ ಕೂಡಲೇ ದಿಕ್ಕು ಸಿಗುತ್ತದೆ.

ನಾಯಿ ಬರುವುದಿದ್ದರೆ ಅವರು ಹಾಕಿ ಬಿಚ್ಚಿಟ್ಟ ಬನಿಯನ್ ಅಥವಾ ದಿಂಬಿನ ಕವರನ್ನು ಕೈಯಿಂದ ಮುಟ್ಟದೆ ಕಡ್ಡಿಯಿಂದ ಎತ್ತಿ ಶುಚಿಯಾದ ಕವರಿನಲ್ಲಿಡಿ. ಒಗೆದ ಬಟ್ಟೆ, ಮನೆಮಂದಿಯೆಲ್ಲ ಹೊದೆಯುವ ಕಂಬಳಿ ಪ್ರಯೋಜನವಿಲ್ಲ.

ಯಾರು ಎತ್ತ ಹೋಗುತ್ತಾರೆ

ಪುಟ್ಟ ಮಕ್ಕಳು ದೂರ ಹೋಗುವುದಕ್ಕಿಂತ ಹತ್ತಿರದಲ್ಲೇ ಅಡಗುವುದು ಹೆಚ್ಚು. ಸುಸ್ತಾದ ಮೇಲೆ ಕಾಫಿ ಗಿಡದ ಬುಡ, ಮರದ ಪೊಟರೆ, ಒಣ ಚರಂಡಿ, ಎಲ್ಲಿ ಮೈ ತೂರುತ್ತದೋ ಅಲ್ಲಿ ಮುದುರಿಕೊಂಡು ಮಲಗುತ್ತಾರೆ. ಗಡಸು ದನಿಯ ಗಂಡಸರು ಹೆಸರು ಹಿಡಿದು ಅಬ್ಬರಿಸಿದರೆ ಬೈಯುತ್ತಾರೆಂದು ಇನ್ನಷ್ಟು ಒಳಗೆ ಸರಿಯುತ್ತಾರೆ. ಮನೆಯಲ್ಲಿ ಕರೆಯುವ ಮುದ್ದು ಹೆಸರಿನಿಂದ, ಅಮ್ಮನೋ ಅಕ್ಕನೋ ಕರೆಯಲಿ. "ಬಾ ಮಗ, ಯಾರೂ ಬೈಯಲ್ಲ" ಎಂಬ ಮಾತನ್ನು ಸೇರಿಸಲಿ. ಮಗು ಕಾಣೆಯಾದರೆ ಕಾಡಿಗೆ ಹೋಗುವ ಮೊದಲು ಕೆರೆ, ಬಾವಿ, ತೋಟದ ನೀರಿನ ಟ್ಯಾಂಕು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕಡೆಯ ಪಲ್ಪಿಂಗ್ ಹೊಂಡ, ನಿಂತ ಜೀಪಿನ ಒಳಗು ಇಷ್ಟನ್ನೂ ಕಣ್ಣಾರೆ ನೋಡಿ ಮುಗಿಸಬೇಕು. ಬೇರೆಯವರು ನೋಡಿರುತ್ತಾರೆ ಎಂದುಕೊಳ್ಳಬೇಡಿ.

ಮರೆವಿನ ಕಾಯಿಲೆಯ ಹಿರಿಯರು ನೇರ ಹೋಗುತ್ತಲೇ ಇರುತ್ತಾರೆ, ಪೊದೆಯೋ ಬೇಲಿಯೋ ಚರಂಡಿಯೋ ತಡೆಯುವವರೆಗೆ. ಸಿಕ್ಕಿಕೊಂಡ ಮೇಲೆ ಕರೆದರೂ ಓಗೊಡುವುದಿಲ್ಲ. ಆದ್ದರಿಂದ ದಾರಿ ಮುಗಿಯುವ ಕಡೆಯ ಲಂಟಾನ ಮೆಳೆಗಳೊಳಗೆ ಕೈಯಿಂದ ಸರಿಸಿಯೇ ನೋಡಬೇಕು. ಅವರು ಎಳೆಯ ಕಾಲದಲ್ಲಿ ಇದ್ದ ಮನೆ, ಕೆಲಸ ಮಾಡಿದ ಹಳೆಯ ತೋಟ ಯಾವ ದಿಕ್ಕಿನಲ್ಲಿದೆ ಎಂದು ತಿಳಿದುಕೊಳ್ಳಿ.

ದಾರಿ ತಪ್ಪಿದ ಗಟ್ಟಿಮುಟ್ಟಾದ ವಯಸ್ಕರು ಇಳಿಜಾರು ಹಿಡಿಯುತ್ತಾರೆ. ನೀರು ಸಿಕ್ಕರೆ ಊರು ಸಿಗುತ್ತದೆ ಎಂಬ ನಂಬಿಕೆ. ಪಶ್ಚಿಮಘಟ್ಟದಲ್ಲಿ ಈ ನಂಬಿಕೆಯೇ ಅಪಾಯ, ಏಕೆಂದರೆ ಇಲ್ಲಿಯ ತೋಡುಗಳು ಜಲಪಾತವಾಗಿ ಧುಮುಕುತ್ತವೆ. ಇಳಿದ ಬಂಡೆಯನ್ನು ಮತ್ತೆ ಹತ್ತಲಾಗದೆ, ಮುಂದೆ ಇಳಿಯಲೂ ಆಗದೆ ನಡುವೆ ಕೂತುಬಿಡುತ್ತಾರೆ. ಒಂದು ತಂಡ ಮೇಲಿನಿಂದ ತೋಡು ಹಿಡಿದು ಇಳಿಯಲಿ, ಇನ್ನೊಂದು ಜಲಪಾತದ ಬುಡದಿಂದ ಹತ್ತಲಿ. ಬ್ರಹ್ಮಗಿರಿಯಲ್ಲಿ ತಪ್ಪಿದವರು ನಮ್ಮ ಬದಿಯ ಇರ್ಪು ಕಡೆಗೇ ಬರುತ್ತಾರೆಂದು ಹೇಳಲಾಗದು. ಬೆಟ್ಟದ ಆಚೆ ಬದಿ ಇಳಿದರೆ ಕೇರಳದ ತಿರುನೆಲ್ಲಿ. ಆದ್ದರಿಂದ ವಯನಾಡಿನ ಪೊಲೀಸರಿಗೂ ಅರಣ್ಯದವರಿಗೂ ಮೊದಲ ಗಂಟೆಯಲ್ಲೇ ಸುದ್ದಿ ಮುಟ್ಟಬೇಕು.

ಮಂಜು ಮುಸುಕಿದ ದಿನ ಲೆಕ್ಕ ಬೇರೆ. 2009ರಲ್ಲಿ ಜರ್ಮನಿಯ ವಿಜ್ಞಾನಿಗಳು ಜನರನ್ನು ಅಲ್ಲಿಯ ಕಾಡಿನಲ್ಲೂ ಟ್ಯುನೀಷಿಯಾದ ಮರಳುಗಾಡಿನಲ್ಲೂ ನೇರ ನಡೆಯಲು ಬಿಟ್ಟು ನೋಡಿದರು. ಸೂರ್ಯನೋ ಚಂದ್ರನೋ ಕಾಣುತ್ತಿದ್ದಾಗ ನೇರ ನಡೆದರು. ಮೋಡ ಮುಚ್ಚಿದಾಗ ತಮಗೇ ತಿಳಿಯದಂತೆ ಸುತ್ತು ಹೊಡೆದರು. ಜಡಿಮಳೆಯಲ್ಲಿ ಕಾಣೆಯಾದವರು ಹೊರಟ ಜಾಗದ ಹತ್ತಿರದಲ್ಲೇ ಸುತ್ತುತ್ತಿರಬಹುದು. ಒಮ್ಮೆ ನೋಡಿದ ಜಾಗವನ್ನು ಮತ್ತೆ ನೋಡಲು ಬೇಸರ ಪಡಬೇಡಿ.

ಮನಸ್ಸು ನೊಂದು ಮನೆ ಬಿಟ್ಟಿದ್ದಾರೆಂಬ ಅನುಮಾನ ಬಂದರೆ ಕೂಗಾಟ ಪೂರಾ ನಿಲ್ಲಿಸಿ. ಅವರಿಗೆ ಹತ್ತಿರದ ಒಬ್ಬರಿಬ್ಬರು ಮೆಲ್ಲಗೆ ಹೋಗಲಿ. ಅವರು ಸಾಮಾನ್ಯವಾಗಿ ಹತ್ತಿರದಲ್ಲೇ, ನೋಟ ಚೆನ್ನಾಗಿರುವ ಏಕಾಂತದ ಜಾಗದಲ್ಲಿ ಇರುತ್ತಾರೆ.

ನೆಲ ಓದುವುದು

ಅಜ್ಜ ಹಗಲು ಹನ್ನೆರಡಕ್ಕೆ ಹೆಜ್ಜೆ ನೋಡುವುದಿಲ್ಲ. ಬಿಸಿಲು ನೆತ್ತಿಗೆ ಬಂದರೆ ಗುರುತಿಗೆ ನೆರಳಿಲ್ಲ, ನೆರಳಿಲ್ಲದಿದ್ದರೆ ಗುರುತೇ ಇಲ್ಲ. ಬೆಳಗ್ಗೆ, ಸಂಜೆ, ಬಿಸಿಲು ಓರೆಯಾಗಿದ್ದಾಗ ಸೂರ್ಯನ ಕಡೆ ಮುಖ ಮಾಡಿ ನೋಡಿ. ರಾತ್ರಿಯಾದರೆ ಟಾರ್ಚನ್ನು ಮೊಣಕಾಲಿಗಿಂತ ಕೆಳಗೆ ಹಿಡಿದು ನೆಲದ ಮೇಲೆ ಅಡ್ಡ ಹಾಯಿಸಿ.

ಬೆಳಗಿನ ಇಬ್ಬನಿ ದೊಡ್ಡ ಸಹಾಯ. ಬಾನೆಯ (ಹುಲ್ಲುಗಾವಲಿನ) ಹುಲ್ಲಿನಲ್ಲಿ ಯಾರಾದರೂ ನಡೆದಿದ್ದರೆ ಬೆಳ್ಳಗೆ ಹೊಳೆಯುವ ಹುಲ್ಲಿನ ನಡುವೆ ಕಪ್ಪು ಗೆರೆ ಬಿದ್ದಿರುತ್ತದೆ. ಕಾಲುದಾರಿಗೆ ಅಡ್ಡಲಾಗಿ ಎದೆಯೆತ್ತರದಲ್ಲಿ ಜೇಡರಬಲೆ ಹರಿಯದೆ ಇದ್ದರೆ ಬಲೆ ಕಟ್ಟಿದ ಮೇಲೆ ಆ ದಾರಿಯಲ್ಲಿ ದೊಡ್ಡವರು ಹೋಗಿಲ್ಲ. ಸಣ್ಣ ಮಗು ಅಡಿಯಿಂದ ನುಸುಳಿರಬಹುದು, ಅದನ್ನು ಮರೆಯಬಾರದು. ಮಗುಚಿದ ಎಲೆಯ ತಿಳಿ ಬಣ್ಣದ ಅಡಿಬದಿ, ಹಳ್ಳದಂಚಿನ ಕಲ್ಲಿನ ಮೇಲೆ ಕಿತ್ತುಬಂದ ಪಾಚಿ, ನಿಂತ ನೀರು ಇನ್ನೂ ಕದಡಿರುವುದು ಇವೆಲ್ಲ ಇತ್ತೀಚಿನವು. ಗುರುತು ಕಂಡರೆ ಅದರ ಮೇಲೆ ನಡೆಯದೆ ಪಕ್ಕದಲ್ಲಿ ನಡೆಯಿರಿ. ಕಡೆಯ ಸ್ಪಷ್ಟ ಹೆಜ್ಜೆಯ ಬಳಿ ಕಡ್ಡಿ ನೆಟ್ಟು ಕೆಂಪು ಪಟ್ಟಿ ಕಟ್ಟಿ, ಮುಂದಿನದು ಸಿಗುವವರೆಗೆ ಆ ಕಡ್ಡಿ ಬಿಟ್ಟು ಹೋಗಬೇಡಿ.

ಪ್ರಾಣಿಗಳ ನಡುವೆ

ನಮ್ಮ ಕಡೆ ಹುಡುಕುವವರು ಎಲ್ಲಕ್ಕಿಂತ ಹೆಚ್ಚು ಎಚ್ಚರವಿರಬೇಕಾದದ್ದು ಆನೆಯ ಬಗ್ಗೆ. ಕೊಡಗು, ಹಾಸನ, ಚಿಕ್ಕಮಗಳೂರಿನ ತೋಟಗಳಲ್ಲಿ ಬೆಳಗಿನ ಜಾವ ಮತ್ತು ಮುಸ್ಸಂಜೆ ಜನ ಆನೆಗೆ ಎದುರಾಗುತ್ತಲೇ ಇರುತ್ತಾರೆ. ಬಿಸಿ ಲದ್ದಿ, ಬಿದಿರು ಮುರಿಯುವ ಸದ್ದು, ಹೊಟ್ಟೆಯೊಳಗಿನಿಂದ ಬರುವ ಗುಡುಗುಡು ಗಮನಿಸಿ. ಮುರಿಯುವ ಸದ್ದು ಇದ್ದಕ್ಕಿದ್ದಂತೆ ನಿಂತರೆ ಆನೆಗೆ ನಿಮ್ಮ ಸುಳಿವು ಸಿಕ್ಕಿದೆ ಎಂದು ತಿಳಿದು ಅಲ್ಲಿಂದಲೇ ಹಿಂದಕ್ಕೆ ಬನ್ನಿ. ಚಿಟಿಕೆ ಬೂದಿ ಉದುರಿಸಿ ಗಾಳಿ ಎತ್ತ ಬೀಸುತ್ತಿದೆ ನೋಡಿ, ನಿಮ್ಮ ವಾಸನೆ ಹಿಂಡಿನ ಮೇಲೆ ಹೋಗದಂತೆ ಸುತ್ತಿ ಹೋಗಿ. ಅಟ್ಟಿಸಿಕೊಂಡು ಬಂದರೆ ಬಯಲಿನಲ್ಲಿ ನೇರ ಓಡಿ ಗೆಲ್ಲಲಾಗದು, ದಪ್ಪ ಮರವನ್ನೋ ಕಡಿದಾದ ದರೆಯನ್ನೋ ನಡುವೆ ತಂದುಕೊಳ್ಳಬೇಕು.

ಹುಲಿ ಇರುವ ಸುದ್ದಿಯನ್ನು ಕಾಡೇ ಕೊಡುತ್ತದೆ. ಮರದ ಮೇಲಿನ ಮುಸುವ ಒಂದೇ ಕಡೆ ನೋಡುತ್ತಾ ಕೆಮ್ಮಿದಂತೆ ಕೂಗುವುದು, ಜಿಂಕೆಯ ಚೂಪು ದನಿ, ಕಾಡುಕುರಿ ಬೊಗಳುವುದು, ಕಡವೆ ಗಟ್ಟಿಯಾಗಿ ಕೂಗುವುದು. ಒಂದು ಸಲದ ಕೂಗಿಗೆ ಹೆಚ್ಚು ಬೆಲೆ ಕೊಡಬೇಡಿ, ಅದು ನಿಮ್ಮನ್ನೇ ಕಂಡು ಕೂಗಿದ್ದಿರಬಹುದು. ಬಿಡದೆ ಕೂಗುತ್ತಿದ್ದರೆ, ಅದರಲ್ಲೂ ಕಡವೆ ಕೂಗುತ್ತಿದ್ದರೆ ನಿಲ್ಲಿ. ಕೂಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತಿದ್ದರೆ ಹುಲಿ ನಡೆಯುತ್ತಿದೆ, ದಾಟಿ ಹೋಗಲು ಬಿಡಿ. ಒಂದೇ ಕಡೆ ಇದ್ದರೆ ಅದು ಅಲ್ಲೇ ಇದೆ. ಆ ಭಾಗವನ್ನು ಬಿಟ್ಟು, ಅರಣ್ಯದವರೊಂದಿಗೆ ವಾಹನದಲ್ಲೋ ಸಾಕಾನೆಯ ಮೇಲೋ ಆಮೇಲೆ ನೋಡಬೇಕು. ಹೆಜ್ಜೆ ಗುರುತು ಅಂಗೈಯೊಳಗೆ ಅಡಗಿದರೆ ಚಿರತೆ, ಅಂಗೈ ಮೀರಿದರೆ ಹುಲಿ. ಮುಂದೆ ಉಗುರಿನ ಗೀರು ಇದ್ದರೆ ಬಹುಪಾಲು ನಾಯಿ.

ತಂಡದಲ್ಲಿ ಐವರಿಗಿಂತ ಕಡಿಮೆ ಬೇಡ. ಮಾತಾಡುತ್ತಾ ಹೋಗಿ. ಎಲ್ಲರಿಗಿಂತ ಹಿಂದಿರುವವರು ಆಗಾಗ ತಿರುಗಿ ನೋಡುವುದನ್ನು ಮರೆಯಬಾರದು. ಹೆಜ್ಜೆ ನೋಡಲು ಒಬ್ಬರು ಬಗ್ಗಿದರೆ ಇನ್ನಿಬ್ಬರು ಅವರ ಬೆನ್ನಿಗೆ ನಿಂತು ಸುತ್ತ ಕಣ್ಣಿಡಲಿ. ಕೂತ, ಬಗ್ಗಿದ ಮನುಷ್ಯ ಹುಲಿ ಚಿರತೆಯ ಕಣ್ಣಿಗೆ ನಾಲ್ಕು ಕಾಲಿನ ಬೇಟೆಯಂತೆಯೇ ಕಾಣುತ್ತಾನೆ. ಎದುರಾದರೆ ಓಡಬೇಡಿ, ಬೆನ್ನು ತೋರಿಸಬೇಡಿ. ಎಲ್ಲರೂ ಒತ್ತೊತ್ತಾಗಿ ನಿಂತು, ಕೈ ಎತ್ತಿ, ಗಟ್ಟಿ ದನಿಯಲ್ಲಿ ಮಾತಾಡುತ್ತಾ ಹಿಂದೆ ಹಿಂದೆ ಸರಿಯಿರಿ.

ಕರಡಿಯ ದಾರಿ ಬೇರೆ. ಅದು ಬೇಟೆಗೆ ಬರುವುದಿಲ್ಲ, ಬೆಚ್ಚಿಬಿದ್ದು ಮೈಮೇಲೆ ಬೀಳುತ್ತದೆ. ಕರಡಿಧಾಮವಿರುವ ದರೋಜಿಯ ಕಡೆಯ ಬಂಡೆಗುಡ್ಡಗಳಲ್ಲಿ ಹುಡುಕುವವರಿಗಂತೂ ಇದೇ ಮೊದಲ ಪಾಠ. ಗುಹೆ, ಬಂಡೆ ಸಂದು, ಹುತ್ತಗಳ ಹತ್ತಿರ ಹೋಗುವ ಮೊದಲು ಕೋಲಿನಿಂದ ಸದ್ದು ಮಾಡಿ. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ ಎರಡೂ ಕೈಯಿಂದ ಕತ್ತಿನ ಹಿಂಭಾಗ ಮುಚ್ಚಿಕೊಳ್ಳಿ, ಅದು ಹರಿಯುವುದು ಮುಖವನ್ನು. ಸೀಳುನಾಯಿಗೆ ಹೆದರಬೇಕಿಲ್ಲ, ಆದರೆ ಅವು ಒಂದನ್ನೊಂದು ಸೀಟಿ ಹೊಡೆದು ಕರೆಯುತ್ತವೆ. ದೂರದಲ್ಲಿ ಸೀಟಿ ಕೇಳಿ ಸಿಕ್ಕಿದರು ಎಂದು ಓಡುವ ಮೊದಲು ಇದು ನೆನಪಿರಲಿ.

ಕಾಡುಹಂದಿಗೆ ಹಾಕಿದ ಉರುಳು, ಕದ್ದು ಎಳೆದ ಕರೆಂಟಿನ ತಂತಿ ನನಗೆ ಪ್ರಾಣಿಗಳಿಗಿಂತ ಹೆಚ್ಚು ಭಯ ಹುಟ್ಟಿಸುತ್ತವೆ. ರಾತ್ರಿ ಗದ್ದೆಯ ಅಂಚು ದಾಟುವ ಮೊದಲು ಆ ಕಡೆಯ ಜಮೀನಿನವರಿಗೆಲ್ಲ ಫೋನ್ ಮಾಡಿ ಬೇಲಿಯ ಕರೆಂಟು ತೆಗೆಸಿ. ಲೈನ್‌ಮನ್‌ಗೂ ಹೇಳಿ. ಕಾಣೆಯಾದವರೇ ಆ ತಂತಿಗೆ ಸಿಕ್ಕಿರಬಹುದು, ಅಲ್ಲಿಯೂ ನೋಡಬೇಕು.

ರಕ್ತ, ಹರಿದ ಬಟ್ಟೆ, ಎಳೆದುಕೊಂಡು ಹೋದ ಗುರುತು ಕಂಡರೆ ಅಲ್ಲಿಗೆ ನಿಲ್ಲಿ. ಕಣ್ಣೆದುರೇ ಇದ್ದರೂ ಹಿಂಬಾಲಿಸಬೇಡಿ. ತಾನು ಹಿಡಿದದ್ದನ್ನು ಬಿಟ್ಟು ಹುಲಿ ದೂರ ಹೋಗಿರುವುದಿಲ್ಲ. ಗುರುತು ಹಾಕಿ, ಬಂದ ದಾರಿಯಲ್ಲೇ ಹಿಂದೆ ಬಂದು ವಲಯ ಅರಣ್ಯಾಧಿಕಾರಿಗೆ ತಿಳಿಸಿ. ಮತ್ತಿಗೋಡು, ದುಬಾರೆ ಶಿಬಿರಗಳ ಸಾಕಾನೆಗಳಿರುವುದು ಇಂಥ ಹೊತ್ತಿಗೂ ಹೌದು. 2019ರ ಅಕ್ಟೋಬರಿನಲ್ಲಿ ಬಂಡೀಪುರದ ಅಂಚಿನಲ್ಲಿ ಇಬ್ಬರನ್ನು ಕೊಂದಿದ್ದ ಹುಲಿಯನ್ನು ಸಾಕಾನೆಗಳ ನೆರವಿನಿಂದ ಜೀವಂತವಾಗಿಯೇ ಹಿಡಿದರು. ಊರಿನವರು ಸುತ್ತುಗಟ್ಟಿದರೆ ಹುಲಿ ಜನರ ನಡುವೆಯೇ ದಾರಿ ಮಾಡಿಕೊಳ್ಳುತ್ತದೆ.

ಇನ್ನೊಂದು ಮಾತು, ಇದನ್ನು ಮನೆಯವರ ಸಲುವಾಗಿ ಹೇಳುತ್ತೇನೆ. ಶವದ ಮೇಲೆ ಹಲ್ಲಿನ ಗುರುತಿದ್ದ ಮಾತ್ರಕ್ಕೆ "ಹುಲಿ ಹಿಡಿಯಿತು" ಎಂದು ಘೋಷಿಸಬೇಡಿ. ಬಿದ್ದು ಸತ್ತವರ, ಹೃದಯ ನಿಂತು ಸತ್ತವರ ಬಳಿಗೂ ಹಂದಿ, ನರಿ, ಉಡ ಬರುತ್ತವೆ. ಅದನ್ನು ತೀರ್ಮಾನಿಸಬೇಕಾದವರು ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರು. ಅವಸರದ ಒಂದು ಮಾತಿನಿಂದ ಪರಿಹಾರದ ಕಾಗದಪತ್ರವೂ ಕೆಡುತ್ತದೆ, ಆ ತಾಯಿಯ ನಿದ್ದೆಯೂ ಕೆಡುತ್ತದೆ.

ಕೂಗು, ಮೌನ, ಬೆಳಕು

ಹುಡುಕುವಾಗ ಪಟಾಕಿ ಹೊಡೆಯಲೇಬಾರದು. ಅಡಗಿದ ಮಗು ಇನ್ನೂ ಅಡಗುತ್ತದೆ, ಬೆದರಿದ ಆನೆ ಹಿಂಡು ಪಕ್ಕದ ತಂಡದ ಮೇಲೆ ಬರುತ್ತದೆ. ಮೂರು ಸಲ ಸೀಟಿ ಊದಿ, ಹೆಸರು ಕರೆಯಿರಿ, ಆಮೇಲೆ ಪೂರ್ತಿ ಒಂದು ನಿಮಿಷ ಎಲ್ಲರೂ ಸುಮ್ಮನಿರಿ. ಕಾಲು ಅಲುಗಿಸಬಾರದು, ಫೋನು ಬಡಿದುಕೊಳ್ಳಬಾರದು. ಸುಸ್ತಾದ ಮನುಷ್ಯನ ದನಿ ನರಳಿಕೆಯಷ್ಟೇ ಇರುತ್ತದೆ. ಮೌನ ಎಷ್ಟು ಗಟ್ಟಿಯೋ ಅಷ್ಟು ದೂರದ ದನಿ ಕೇಳುತ್ತದೆ. ತೋಡಿನ ಮೊರೆತದ ಹತ್ತಿರ ಈ ಕೆಲಸ ಆಗದು, ದಿಣ್ಣೆ ಹತ್ತಿ ಕೇಳಿ.

ಕತ್ತಲಾದ ಮೇಲೆ ಕಾಡಿನೊಳಗೆ ಹೋಗುವ ನಿರ್ಧಾರ ಅರಣ್ಯದವರದ್ದಾಗಿರಲಿ. ಆದರೆ ಹುಡುಕಾಟ ನಿಲ್ಲಬೇಕಿಲ್ಲ. ಎತ್ತರದ ಜಾಗದಲ್ಲಿ ಜೀಪು ನಿಲ್ಲಿಸಿ, ದೀಪ ಹಾಕಿ, ಹತ್ತು ನಿಮಿಷಕ್ಕೊಮ್ಮೆ ಹಾರ್ನ್ ಹೊಡೆದು ಕೇಳುತ್ತಿರಿ. ಕಳೆದುಹೋದವರಿಗೆ ಒಂದು ದಿಕ್ಕು ಸಿಗುತ್ತದೆ. ಬಿಸಿ ಗುರುತಿಸುವ ಡ್ರೋನ್ ಇದ್ದರೆ ನೆಲ ತಣ್ಣಗಿರುವ ಬೆಳಗಿನ ಜಾವದಲ್ಲಿ ಹಾರಿಸಿ. ಬಾನೆಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಸದಾ ಹಸಿರಿನ ಕಾಡಿನ ಎಲೆಗಳ ಚಪ್ಪರವನ್ನು ಅದು ತೂರಿ ನೋಡಲಾರದು. ಆ ಭಾಗಕ್ಕೆ ಕಾಲೇ ಗತಿ.

ಹಗಲು ಸಾಲು ಹಿಡಿದು ಹೋಗುವಾಗ ಪಕ್ಕದವರ ಪಾದ ಕಾಣುವಷ್ಟು ಹತ್ತಿರವಿರಿ. ತೋಟದ ಬ್ಲಾಕ್ ನಕ್ಷೆಯಲ್ಲಿ ನೋಡಿ ಮುಗಿದದ್ದಕ್ಕೆ ಗೆರೆ ಹೊಡೆಯಿರಿ. ಹೊರಟವರ ಹೆಸರು, ಹೊತ್ತು, ದಿಕ್ಕು ಚೆಕ್‌ರೋಲಿನಂತೆ (ತೋಟದ ಹಾಜರಿ ಪುಸ್ತಕದಂತೆ) ಬರೆದಿಡಿ, ಬಂದ ಮೇಲೆ ಹೆಸರು ಕರೆದು ಎಣಿಸಿ. ಗಮ್‌ಬೂಟು ಕಡ್ಡಾಯ. ಉಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪು ಸಾಕು. ಡಿಸೆಂಬರಿನಿಂದ ಮೇವರೆಗೆ ರಕ್ತ ಹೀರುವ ಉಣ್ಣೆ ಹುಳುವಿನ ಬಗ್ಗೆ ಎಚ್ಚರವಿರಲಿ, ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಶಿವಮೊಗ್ಗ ಕಡೆಯ ಕ್ಯಾಸನೂರಿನಲ್ಲಿ ಕಂಡ ಈ ಕಾಯಿಲೆ ವಯನಾಡಿನವರೆಗೂ ಬಂದಿದೆ. ಉಣ್ಣೆಯನ್ನು ದೂರವಿಡುವ, ಆರೋಗ್ಯ ಇಲಾಖೆಯ ಡೆಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಿನಲ್ಲಿ ಮೀಯಿರಿ, ಬಟ್ಟೆ ಕುದಿಸಿ.

ಸಿಕ್ಕಿದ ಮೇಲೆ

ಮಳೆಯಲ್ಲಿ ನೆನೆದವರಿಗೆ ನಮ್ಮ ಜುಲೈ ಚಳಿಯೇ ಸಾಕು ಸಾಯಲು. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ, ಕಂಬಳಿ ಸುತ್ತಿ. ಎಚ್ಚರವಿದ್ದು ನುಂಗಲು ಆದರೆ ಬೆಲ್ಲದ ಬಿಸಿ ಕಾಫಿಯನ್ನು ಗುಟುಕು ಗುಟುಕಾಗಿ ಕೊಡಿ. ಬ್ರಾಂದಿ ಬೇಡ, ಕೈಕಾಲು ಉಜ್ಜುವುದೂ ಬೇಡ. ಹಾವು ಕಚ್ಚಿದ್ದರೆ ಕಟ್ಟಬೇಡಿ, ಕೊಯ್ಯಬೇಡಿ, ವಿಷನಿರೋಧಕ ಇರುವ ಆಸ್ಪತ್ರೆ ಯಾವುದೆಂದು 108ರವರನ್ನು ಕೇಳಿ ನೇರ ಅಲ್ಲಿಗೆ ಒಯ್ಯಿರಿ. ಸ್ಟ್ರೆಚರ್ ಇಲ್ಲವೆಂದು ಕಾಯಬೇಡಿ. ಎರಡು ಗಟ್ಟಿ ಗಳು, ಮೂಲೆ ಕತ್ತರಿಸಿದ ಎರಡು ಕಾಫಿ ಗೋಣಿಚೀಲ ಸಾಕು. ಬಿದ್ದವರ ಬೆನ್ನಿಗೆ ಪೆಟ್ಟಾಗಿರುವ ಅನುಮಾನವಿದ್ದರೆ ಮಾತ್ರ ಅಲುಗಿಸದೆ ಸಹಾಯ ಬರುವವರೆಗೆ ಬೆಚ್ಚಗಿಡಿ.

ಸಿಕ್ಕ ಸುದ್ದಿಯನ್ನು ಇನ್ನೂ ಕಾಡಿನಲ್ಲಿರುವ ಪ್ರತಿ ತಂಡಕ್ಕೂ, ಪೊಲೀಸರಿಗೂ, ಆಚೆ ಬದಿಯ ಕೇರಳದವರಿಗೂ ಮುಟ್ಟಿಸಿ.

ಮಳೆಗಾಲಕ್ಕೆ ಮೊದಲು ನಿಮ್ಮ ತೋಟದ, ಊರಿನ ಮಕ್ಕಳನ್ನೆಲ್ಲ ಕೂರಿಸಿ ಇಷ್ಟನ್ನು ಕಲಿಸಿ: ದಾರಿ ತಪ್ಪಿತೆಂದು ತಿಳಿದ ಕೂಡಲೇ ಒಂದು ದೊಡ್ಡ ಮರ ಹಿಡಿದು ಅಲ್ಲೇ ಇರಬೇಕು, ತೋಡಿಗೆ ಇಳಿಯಬಾರದು, ಸೀಟಿ ಮೂರು ಸಲ ಊದಬೇಕು, ಹೆಸರು ಹಿಡಿದು ಕರೆಯುವವರು ಯಾರೇ ಆಗಲಿ ಓಗೊಡಬೇಕು, ಯಾರೂ ಬೈಯುವುದಿಲ್ಲ. ಪ್ರತಿ ಮಗುವಿಗೆ ಅಪ್ಪನ ಹೆಸರು, ತೋಟದ ಹೆಸರು, ಲೈನಿನ ನಂಬರು ಬಾಯಿಗೆ ಬರಬೇಕು. ಸೀಟಿಯನ್ನು ಕೊರಳಿಗೆ ಹಾಕಿಸಿ, ಅಣಬೆಗೆ ಹೋಗುವ ಹೆಂಗಸರಿಗೂ ಒಂದೊಂದು ಕೊಡಿ.